ಐದನೆಯ ಗಾಲಿ

ಹೊಸ ಕಾರು ಮನೆಯ ಮುಂದೆ ಬಂದು ನಿಂತ ದಿನ ಅದಕ್ಕೆ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಆರತಿ ಎತ್ತಿ, ನಾಲ್ಕು ಗಾಲಿಗಳ ಕೆಳಗೂ ಒಂದೊಂದು ನಿಂಬೆಹಣ್ಣು ಇಡುವುದು ನಮ್ಮ ಕಡೆಯ ಪದ್ಧತಿ. ಕಾರು ಒಂದು ಮಾರು ಮುಂದಕ್ಕೆ ಸರಿದು ಹಣ್ಣುಗಳು ಅಪ್ಪಚ್ಚಿಯಾದವೆಂದರೆ ಪೂಜೆ ಸಾಂಗವಾದಂತೆ. ಐದನೆಯ ಗಾಲಿಯೊಂದುಂಟು, ಅದಕ್ಕೂ ಒಂದು ಚಿಟಿಕೆ ಅರಿಶಿನ ಸಲ್ಲಬೇಕೆಂದು ಯಾರಿಗೂ ತೋಚುವುದಿಲ್ಲ. ಡಿಕ್ಕಿಯ ಹಾಸಿನ ಕೆಳಗೆ ಅದು ತನ್ನಷ್ಟಕ್ಕೆ ತಾನು ಮಲಗಿದೆಯೆಂದೇ ಎಲ್ಲರ ನಂಬಿಕೆ. ಅಜ್ಜನ ಕಾಲದ ಅಂಬಾಸಡರಿನಲ್ಲಿ ಇತ್ತು, ಅಪ್ಪನ ಕಾಲದ ಫಿಯಟ್ಟಿನಲ್ಲಿ ಇತ್ತು. ಐವತ್ತು ಲಕ್ಷ ರೂಪಾಯಿಯ ಕಾರಿನಲ್ಲಿ ಇಲ್ಲದೆ ಹೋದೀತೆ?

ಹೋಗಬಹುದು. ಈಚಿನ ಬೆಲೆಬಾಳುವ ಕಾರುಗಳ, ಅದರಲ್ಲಿಯೂ ಪೆಟ್ರೋಲು ಮತ್ತು ವಿದ್ಯುತ್ತು ಎರಡನ್ನೂ ಬಳಸಿಕೊಂಡು ಓಡುವ ಹೈಬ್ರಿಡ್ ಕಾರುಗಳ ಡಿಕ್ಕಿಯ ಹಾಸನ್ನೆತ್ತಿ ನೋಡಿದರೆ, ಒಂದರಲ್ಲಿ ಪೂರ್ಣ ಗಾತ್ರದ ಗಾಲಿ ಇರುತ್ತದೆ. ಇನ್ನೊಂದರಲ್ಲಿ ಉಪವಾಸವಿದ್ದು ಬಂದಂತಹ ಬಡಕಲು ಗಾಲಿ. ಮತ್ತೊಂದರಲ್ಲಿ ಗಾಲಿಯೇ ಇಲ್ಲ, ಅದರ ಬದಲು ಒಂದು ಪುಟ್ಟ ಪಂಪು ಮತ್ತು ಒಂದು ಸೀಸೆ ಅಂಟುದ್ರವ. ಮಳಿಗೆಯಲ್ಲಿ ಕಾರನ್ನು ತೋರಿಸುವವರು ಮೆತ್ತನೆಯ ಆಸನ, ಸಂಗೀತದ ಪೆಟ್ಟಿಗೆ, ಬಿಸಿಲುಮಚ್ಚುಗಳನ್ನು ತೋರಿಸುತ್ತಾರೆ. ಡಿಕ್ಕಿಯ ತಳವನ್ನು ಕೇಳದ ಹೊರತು ತೋರಿಸುವುದಿಲ್ಲ. ಕೊಳ್ಳುವವರೂ ಕೇಳುವುದಿಲ್ಲ. ಹೀಗಾಗಿ ಎಷ್ಟೋ ಸಂಸಾರಗಳಿಗೆ ತಮ್ಮ ಕಾರಿನಲ್ಲಿ ಐದನೆಯ ಗಾಲಿ ಇಲ್ಲವೆಂಬ ಸಂಗತಿ ತಿಳಿಯುವುದು ಸಕಲೇಶಪುರದಾಚೆ ಎಲ್ಲಿಯೋ, ರಾತ್ರಿ ಹತ್ತು ಗಂಟೆಯ ಮಳೆಯಲ್ಲಿ.

ಒಂದು ಬೀದಿಯ ಹೆಸರು

ಈ ಗಾಲಿಗೆ ನಮ್ಮವರು ‘ಸ್ಟೆಪ್ನಿ’ ಎನ್ನುತ್ತಾರೆ. ಲಾರಿಯ ಕ್ಲೀನರಿನಿಂದ ಹಿಡಿದು ಹೈಕೋರ್ಟಿನ ವಕೀಲರವರೆಗೆ ಎಲ್ಲರ ಬಾಯಲ್ಲಿಯೂ ಇದೇ ಮಾತು. ಇಂಗ್ಲಿಷ್ ಮಾತೆಂದು ನಂಬಿ ಇದನ್ನು ಇಂಗ್ಲೆಂಡಿನಲ್ಲಿ ಆಡಿದರೆ, ಕೇಳಿದವರು ಲಂಡನ್ನಿನ ಒಂದು ಬಡಾವಣೆಯ ದಾರಿ ತೋರಿಸಿಯಾರು! ಅಲ್ಲಿ ಮರೆತುಹೋದ ಈ ಮಾತು ಇಂಡಿಯಾದಲ್ಲಿ ಬಾಳಿಕೊಂಡಿದೆ. ದೂರದ ಮಾಲ್ಟಾ ದ್ವೀಪದಲ್ಲಿಯೂ ಉಳಿದಿದೆ.

ಮೋಟಾರು ಕಾರಿನ ಬಾಲ್ಯದಲ್ಲಿ ಹೆಚ್ಚುವರಿ ಗಾಲಿಯೆಂಬುದೇ ಇರಲಿಲ್ಲ. ಟಯರಿಗೆ ಲಾಳದ ಮೊಳೆ ನಾಟಿತೆಂದರೆ ಸೂಟು ಹ್ಯಾಟು ಧರಿಸಿದ ದೊರೆ ರಸ್ತೆಯ ಬದಿಯಲ್ಲಿ ಕುಳಿತು ಟಯರನ್ನು ಕಿತ್ತು, ಒಳಗಿನ ಟ್ಯೂಬಿಗೆ ತೇಪೆ ಹಾಕಿ, ಕೈಪಂಪಿನಿಂದ ಗಾಳಿ ತುಂಬಬೇಕಾಗಿತ್ತು. 1904ರಲ್ಲಿ ವೇಲ್ಸ್ ಪ್ರಾಂತದ ಲನೆಲ್ಲಿ ಎಂಬ ಊರಿನ ಥಾಮಸ್ ಮಾರಿಸ್ ಡೇವೀಸ್ ಮತ್ತು ಆತನ ಸಹೋದರ ವಾಲ್ಟರ್ ಇದಕ್ಕೊಂದು ಉಪಾಯ ಹೂಡಿದರು. ಕಡ್ಡಿಗಳಿಲ್ಲದ ಬರಿಯ ಬಳೆಯೊಂದಕ್ಕೆ ಗಾಳಿ ತುಂಬಿದ ಟಯರನ್ನು ತೊಡಿಸಿ, ಕೆಟ್ಟ ಗಾಲಿಯ ಪಕ್ಕಕ್ಕೆ ಅದನ್ನು ಕೊಂಡಿಗಳಿಂದ ಬಿಗಿದು ಮುಂದೆ ಸಾಗುವುದು, ಅಷ್ಟೇ. ಅವರ ಕಾರ್ಯಾಗಾರವಿದ್ದುದು ಸ್ಟೆಪ್ನಿ ಬೀದಿಯಲ್ಲಿ. ಬೀದಿಯ ಹೆಸರು ಗಾಲಿಗೆ ಬಂತು. ಕಳಚಿ ತೊಡಿಸಬಹುದಾದ ಗಾಲಿ ಬಂದು ಆ ಬಳೆ ಕಣ್ಮರೆಯಾದ ಮೇಲೂ ಹೆಸರು ನಿಂತಿತು.

ಎರಡು ದೋಣಿಯ ಪಯಣ

ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆಂಬುದು ಲೋಕದ ಅನುಭವ. ಹೈಬ್ರಿಡ್ ಕಾರು ಎರಡರಲ್ಲಿಯೂ ಕಾಲಿಟ್ಟು ಸುಖವಾಗಿ ದಡ ಸೇರುವ ಯಂತ್ರ. ಇದರ ಕಲ್ಪನೆ ಹೊಸದೇನಲ್ಲ. 1900ರಷ್ಟು ಹಿಂದೆಯೇ ಫರ್ಡಿನಂಡ್ ಪೋರ್ಷೆ ಎಂಬ ಯುವಕ ಪೆಟ್ರೋಲು ಎಂಜಿನನ್ನೂ ಗಾಲಿಯ ಗುಂಬದಲ್ಲಿಯೇ ಕೂಡಿಸಿದ ವಿದ್ಯುತ್ ಮೋಟಾರನ್ನೂ ಒಂದೇ ವಾಹನದಲ್ಲಿ ಹೊಂದಿಸಿ, ಅದಕ್ಕೆ ‘ಸದಾ ಜೀವಂತ’ ಎಂಬರ್ಥದ ಲ್ಯಾಟಿನ್ ಹೆಸರಿಟ್ಟಿದ್ದ. ಆದರೆ ಸಾಮಾನ್ಯ ಗೃಹಸ್ಥನ ಕೈಗೆ ಇದು ಎಟುಕಿದ್ದು 1997ರ ಡಿಸೆಂಬರಿನಲ್ಲಿ, ಜಪಾನಿನ ಟೊಯೋಟಾ ಕಂಪನಿ ‘ಪ್ರಿಯಸ್’ ಕಾರನ್ನು ಹೊರತಂದಾಗ. ಅದೇ ಮನೆತನದ ವಿಲಾಸಿ ಶಾಖೆಯಾದ ಲೆಕ್ಸಸ್ 2005ರಲ್ಲಿ ‘ಆರ್‌ಎಕ್ಸ್ 400ಎಚ್’ ಎಂಬ ಕಾರನ್ನು ಮಾರುಕಟ್ಟೆಗೆ ತಂದ ಮೇಲೆ, ಪೆಟ್ರೋಲು ಉಳಿತಾಯವೆಂಬುದು ಸಿರಿವಂತರಿಗೂ ಮರ್ಯಾದೆಯ ವಿಷಯವಾಯಿತು.

ಈ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯಲ್ಲಿ, ಮೈಸೂರು ರಸ್ತೆಯ ಮಗ್ಗುಲಲ್ಲಿಯೇ ಇರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಿಂದ ‘ಕ್ಯಾಮ್ರಿ’ ಹೈಬ್ರಿಡ್ ಕಾರು ಸಿದ್ಧವಾಗುತ್ತ ಬಂದಿದೆ. 2020ರಿಂದ ಲೆಕ್ಸಸ್ಸಿನ ‘ಇಎಸ್ 300ಎಚ್’ ಕೂಡ ಅಲ್ಲಿಯೇ ಜೋಡಣೆಗೊಳ್ಳತೊಡಗಿತು. ಎರಡೂ ಒಂದೇ ಬಗೆಯ ಯಂತ್ರರಚನೆಯುಳ್ಳವು: ಎರಡೂವರೆ ಲೀಟರಿನ ಪೆಟ್ರೋಲು ಎಂಜಿನು, ಎರಡು ವಿದ್ಯುತ್ ಮೋಟಾರುಗಳು, ಅವುಗಳ ನಡುವೆ ಬಲವನ್ನು ಹಂಚುವ ಹಲ್ಲುಗಾಲಿಗಳ ಒಂದು ಗೊಂಚಲು. 2019ರ ಕ್ಯಾಮ್ರಿಯ ದೊಡ್ಡ ಬ್ಯಾಟರಿಯಲ್ಲಿ 204 ಪುಟ್ಟ ಕೋಶಗಳು, ಒಂದೊಂದೂ 1.2 ವೋಲ್ಟಿನಂತೆ ಒಟ್ಟು 244.8 ವೋಲ್ಟು.

ಕಾರು ನಿಧಾನವಾಗಿ ತೆವಳುವಾಗ ಎಂಜಿನು ನಿದ್ದೆ ಹೋಗುತ್ತದೆ. ಬ್ಯಾಟರಿಯೇ ಕಾರನ್ನು ಎಳೆಯುತ್ತದೆ. ಬ್ರೇಕು ಒತ್ತಿದಾಗ ಮೋಟಾರು ತಾನೇ ಜನರೇಟರಾಗಿ, ಬಿಸಿಯಾಗಿ ಗಾಳಿಗೆ ಹೋಗಬೇಕಾಗಿದ್ದ ಶಕ್ತಿಯನ್ನು ವಿದ್ಯುತ್ತಾಗಿ ಬ್ಯಾಟರಿಗೆ ಮರಳಿಸುತ್ತದೆ. ಆದುದರಿಂದಲೇ ಇತರ ಕಾರುಗಳು ಪೆಟ್ರೋಲನ್ನು ಕುಡಿಯುವ ಸಿಲ್ಕ್ ಬೋರ್ಡ್ ವೃತ್ತದ ಸಂದಣಿಯಲ್ಲಿ ಈ ಕಾರು ಮಿತಾಹಾರಿ. 2019ರ ಕ್ಯಾಮ್ರಿಗೆ ಸರಕಾರಿ ಪರೀಕ್ಷೆಯಲ್ಲಿ ದೊರೆತ ಲೆಕ್ಕ ಲೀಟರಿಗೆ 23.27 ಕಿಲೋಮೀಟರು. ರಸ್ತೆಯಲ್ಲಿ ಅಷ್ಟು ಬರಲಾರದು, ಬಂದಷ್ಟೂ ಲಾಭವೇ. ಇದರಲ್ಲಿ ಸವೆಯುವ ಕ್ಲಚ್ಚಿಲ್ಲ. ಸ್ಟಾರ್ಟರು, ಡೈನಮೋಗಳೆಂಬ ಬಿಡಿ ಯಂತ್ರಗಳಿಲ್ಲ. ಮನೆಯ ಸೊಸೆಯಂತೆ ಮೌನವಾಗಿ ಎಲ್ಲ ಕೆಲಸವನ್ನೂ ತೂಗಿಸುವ ಕಾರಿದು. ಆದುದರಿಂದಲೇ ಅದಕ್ಕೇನು ಬೇಕೆಂದು ಯಾರೂ ವಿಚಾರಿಸುವುದಿಲ್ಲ!

ಆದರೆ ಬ್ಯಾಟರಿಗೆ ಜಾಗ ಬೇಕಲ್ಲ? 2013ರ ಕ್ಯಾಮ್ರಿಯಲ್ಲಿ ಅದು ಹಿಂದಿನ ಆಸನದ ಬೆನ್ನಿಗೆ ಕುಳಿತು ಡಿಕ್ಕಿಯ ಒಂದು ಪಾಲನ್ನು ನುಂಗಿತ್ತು. 2019ರ ಮಾದರಿಯಲ್ಲಿ ಅದನ್ನು ಆಸನದ ಕೆಳಕ್ಕೆ ಸರಿಸಿ ಡಿಕ್ಕಿಯನ್ನು ಬಿಡಿಸಿಕೊಂಡರು. ಬೇರೆ ಹಲವು ಕಾರುಗಳಲ್ಲಿ ತಯಾರಕರ ಕಣ್ಣು ಬಿದ್ದದ್ದು ಸ್ಟೆಪ್ನಿಯ ಗುಳಿಯ ಮೇಲೆ. ಅಲ್ಲಿಂದ ಗಾಲಿಯನ್ನು ತೆಗೆದರೆ ಜಾಗವೂ ಸಿಕ್ಕಿತು, ಇಪ್ಪತ್ತು ಕಿಲೋ ತೂಕವೂ ಇಳಿಯಿತು, ಖರ್ಚೂ ಉಳಿಯಿತು.

ಸೀಸೆಯ ಔಷಧ

ಇದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರ ಜುಲೈಯಲ್ಲಿ ತಿದ್ದುಪಡಿಯಾಯಿತು. ಮೂರೂವರೆ ಟನ್ನಿಗೆ ಮೀರದ ಪ್ರಯಾಣಿಕರ ಕಾರಿನಲ್ಲಿ ಟ್ಯೂಬಿಲ್ಲದ ಟಯರು, ಟಯರಿನ ಗಾಳಿಯ ಒತ್ತಡವನ್ನು ತಿಳಿಸುವ ಸಾಧನ ಮತ್ತು ದುರಸ್ತಿಯ ಸಲಕರಣೆ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಆ ವರ್ಷದ ಅಕ್ಟೋಬರ್ 1ರಿಂದ ಇದು ಜಾರಿಗೆ ಬಂತು.

ನಿಯಮದ ಹಿಂದಿನ ತರ್ಕ ತಪ್ಪಲ್ಲ. ಟಯರಿನ ನಡುಮೈಗೆ ಮೊಳೆ ಚುಚ್ಚಿದರೆ ಸೀಸೆಯ ಅಂಟುದ್ರವವನ್ನು ಒಳಕ್ಕೆ ಹಾಯಿಸಿ, ಪಂಪಿನಿಂದ ಗಾಳಿ ತುಂಬಿ, ಗಂಟೆಗೆ 80 ಕಿಲೋಮೀಟರು ಮೀರದಂತೆ ಅಂಗಡಿ ಸೇರಬಹುದು. ಚೊಕ್ಕ ರಸ್ತೆಯ ನಾಡುಗಳಿಗೆ ಇದು ಸಾಕು. ನಮ್ಮ ರಸ್ತೆಗಳಲ್ಲಿ ಟಯರು ಸಾಯುವ ರೀತಿಯೇ ಬೇರೆ. ಕ್ಯಾಮ್ರಿ, ಇಎಸ್ ಕಾರುಗಳ ಟಯರಿನ ಮೇಲೆ 235/45 ಆರ್ 18 ಎಂದು ಮುದ್ರಿಸಿರುತ್ತದೆ. ಅಗಲ 235 ಮಿಲಿಮೀಟರು. ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 45 ಪಾಲು, ಎಂದರೆ ಸುಮಾರು 106 ಮಿಲಿಮೀಟರು, ಅರ್ಧ ಗೇಣೂ ಇಲ್ಲ. ಮಳೆನೀರು ತುಂಬಿ ಕಾಣದೆಹೋದ ಗುಂಡಿಯ ಅಂಚಿಗೆ ಈ ತೆಳುವಾದ ಟಯರು ಬಡಿದಾಗ, ಕೆಳಗಿನ ಕಲ್ಲಿಗೂ ಮೇಲಿನ ಲೋಹದ ಅಂಚಿಗೂ ನಡುವೆ ಸಿಕ್ಕಿ, ಅಡಕೊತ್ತಿನಲ್ಲಿ ಅಡಕೆ ಸಿಕ್ಕಂತೆ ಪಕ್ಕದ ಗೋಡೆ ಹರಿಯುತ್ತದೆ. ಆ ಗಾಯಕ್ಕೆ ಸೀಸೆಯ ಔಷಧ ನಾಟುವುದಿಲ್ಲ. ಪಂಕ್ಚರ್ ಅಂಗಡಿಯವನ ತೇಪೆಯೂ ನಿಲ್ಲುವುದಿಲ್ಲ. ಬೇರೆ ಗಾಲಿಯೇ ಬೇಕು. ಸೀಸೆಗೆ ಕೊನೆಯ ತಾರೀಖೊಂದು ಇರುತ್ತದೆಂಬುದನ್ನೂ ಅನೇಕರು ಅದು ಮುಗಿದು ಎಷ್ಟೋ ಕಾಲವಾದ ಮೇಲೆ ಓದುತ್ತಾರೆ.

ಗಾಳಿ ಹೋದರೂ ಓಡುವ ‘ರನ್‌ಫ್ಲ್ಯಾಟ್’ ಟಯರುಗಳೂ ಇವೆ. ಗಟ್ಟಿಯಾದ ಪಕ್ಕದ ಗೋಡೆಯ ಬಲದಿಂದ ಅವು ಗಂಟೆಗೆ 80 ಕಿಲೋಮೀಟರು ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರು ದೂರ ಕಾರನ್ನು ತಲುಪಿಸುತ್ತವೆ. ಪೇಟೆಯೊಳಗೆ ತಿರುಗಾಡುವವರಿಗೆ ಇದು ದೊಡ್ಡ ಅನುಕೂಲ. ಘಟ್ಟದ ನಡುವೆ ನಿಂತವರಿಗೆ, 80 ಕಿಲೋಮೀಟರಿನೊಳಗೆ ಅಂತಹ ಟಯರು ದೊರೆಯುವ ಅಂಗಡಿ ಇದೆಯೆ ಎಂಬುದೇ ಪ್ರಶ್ನೆ.

ಇನ್ನು ಬಡಕಲು ಗಾಲಿಯ ಮಾತು. 235 ಮಿಲಿಮೀಟರಿನ ಜಾಗದಲ್ಲಿ 155 ಮಿಲಿಮೀಟರು ಅಗಲದ್ದು. ಇದನ್ನು ಕೀಳಾಗಿ ಕಾಣಬೇಕಾದ್ದಿಲ್ಲ. ಆಪತ್ತಿಗೆ ಒದಗುವ ದೂರದ ನೆಂಟನಿದ್ದಂತೆ. ಆದರೆ ನೆಂಟನನ್ನು ವರ್ಷಗಟ್ಟಲೆ ದುಡಿಸಿಕೊಳ್ಳಬಾರದು. ಇದರ ಮೇಲೆಯೇ 80 ಕಿಲೋಮೀಟರಿನ ವೇಗಮಿತಿ ಬರೆದಿರುತ್ತದೆ. ಇತರ ಗಾಲಿಗಳಿಗೆ 33 ಪೌಂಡಿನ ಆಸುಪಾಸು ಗಾಳಿ ಸಾಕಾದರೆ, ಇದಕ್ಕೆ 60 ಪೌಂಡು ಬೇಕು. ಪೆಟ್ರೋಲ್ ಬಂಕಿನ ಹುಡುಗ ನಾಲ್ಕು ಗಾಲಿಗೆ ಗಾಳಿ ಹಿಡಿದು ಬಖ್ಷೀಸಿಗೆ ಕೈಚಾಚುತ್ತಾನೆ. ಐದನೆಯದನ್ನು ಅವನಿಗೆ ಯಾರೂ ತೋರಿಸಿರುವುದಿಲ್ಲ. ಒತ್ತಡ ತಿಳಿಸುವ ಸಾಧನವೂ ಬಹುಪಾಲು ಕಾರುಗಳಲ್ಲಿ ಈ ಗಾಲಿಯ ಗೋಜಿಗೆ ಹೋಗುವುದಿಲ್ಲ. ಹೀಗೆ ಏಳೆಂಟು ವರ್ಷ ಅನ್ನವಿಲ್ಲದೆ ಮಲಗಿದ ಗಾಲಿ, ಬೇಕಾದ ದಿನ ತಾನೇ ಚಪ್ಪಟೆಯಾಗಿರುವುದು ಅಪರೂಪವಲ್ಲ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ ತಯಾರಾದದ್ದೆಂದು ಅರ್ಥ. ಹತ್ತು ವರ್ಷ ದಾಟಿದ್ದನ್ನು, ಒಂದು ದಿನವೂ ಓಡದೆ ಹೊಸದರಂತೆ ಹೊಳೆಯುತ್ತಿದ್ದರೂ, ಬದಲಾಯಿಸುವುದೇ ವಿವೇಕ.

ಮತ್ತೊಂದು ತಮಾಷೆ. ಬಡಕಲು ಗಾಲಿಯ ಗುಳಿಯಲ್ಲಿ ಬಿಚ್ಚಿದ ದಪ್ಪ ಗಾಲಿ ಹಿಡಿಯುವುದಿಲ್ಲ. ಮದುವೆ ಮುಗಿಸಿ ಬರುವ ಸಂಸಾರದ ಡಿಕ್ಕಿಯಲ್ಲಿ ಪೆಟ್ಟಿಗೆಗಳು, ತೆಂಗಿನಕಾಯಿ, ಬೀಗರು ಕೊಟ್ಟ ಲಾಡಿನ ಬುಟ್ಟಿ. ಕೆಸರು ಮೆತ್ತಿದ ಗಾಲಿ ಎಲ್ಲಿ ಕೂರಬೇಕು? ಬಹುಶಃ ಅಜ್ಜಿಯ ರೇಷ್ಮೆ ಸೀರೆಯ ಪಕ್ಕದಲ್ಲಿ!

ಸದ್ದಿಲ್ಲದ ಅಪಾಯ

ನಗೆಯ ಮಾತು ಹಾಗಿರಲಿ. ಹೈಬ್ರಿಡ್ ಕಾರಿನ ಗಾಲಿ ಬದಲಾಯಿಸುವಾಗ ಹಳೆಯ ಕಾರುಗಳಲ್ಲಿ ಇಲ್ಲದಿದ್ದ ಒಂದು ಅಪಾಯವಿದೆ. ಮನೆಯ ಎಲ್ಲರೂ ಇದನ್ನು ತಿಳಿದಿರಬೇಕು. ಹಳೆಯ ಕಾರು ನಿಂತಿದೆಯೋ ಓಡುತ್ತಿದೆಯೋ ಎಂಬುದನ್ನು ಕಿವಿಯೇ ಹೇಳುತ್ತಿತ್ತು. ಈ ಕಾರಿನಲ್ಲಿ ಕಿವಿಯ ಸಾಕ್ಷಿ ನಡೆಯದು. ಎಂಜಿನು ಮೌನವಾಗಿದ್ದರೂ ಮುಂದಿನ ಫಲಕದಲ್ಲಿ ‘ರೆಡಿ’ ಎಂಬ ದೀಪ ಉರಿಯುತ್ತಿದ್ದರೆ ಕಾರು ಎಚ್ಚರವಾಗಿಯೇ ಇದೆ. ಮಕ್ಕಳಿಗೆ ಸೆಖೆಯಾದೀತೆಂದು ತಂಪುಯಂತ್ರವನ್ನು ಹಾಗೆಯೇ ಬಿಟ್ಟು ತಂದೆ ಜ್ಯಾಕು ಏರಿಸತೊಡಗುತ್ತಾನೆ. ಬ್ಯಾಟರಿ ಇಳಿದೊಡನೆ ಎಂಜಿನು ಯಾರನ್ನೂ ಕೇಳದೆ ತಾನೇ ಗುಡುಗಿ ಎದ್ದು ನಿಲ್ಲುತ್ತದೆ. ಗೇರು ತಪ್ಪಿದ್ದರೆ ಕಾರು ಸದ್ದಿಲ್ಲದೆ ಮುಂದಕ್ಕೂ ಸರಿದೀತು.

ಆದುದರಿಂದ ಮೊದಲು ಗೇರು ‘ಪಿ’ಯಲ್ಲಿರಲಿ, ಕೈಬ್ರೇಕು ಬಿಗಿಯಿರಲಿ, ಗುಂಡಿ ಒತ್ತಿ ಕಾರನ್ನು ಪೂರ್ತಿ ಆರಿಸಿ ‘ರೆಡಿ’ ದೀಪ ಹೋದುದನ್ನು ಕಣ್ಣಾರೆ ನೋಡಬೇಕು. ಬೀಗದ ಕೈ ಜೇಬಿನಲ್ಲಿದ್ದರೆ ಅದು ಕಾರಿನ ಸಮೀಪದಲ್ಲಿದ್ದಂತೆಯೇ. ಅದನ್ನು ದೂರ ನಿಂತ ಗೃಹಿಣಿಯ ಕೈಯಲ್ಲಿಡುವುದು ಮೇಲು. ಎಲ್ಲರೂ ಇಳಿದು ರಸ್ತೆಯಿಂದಾಚೆ ನಿಲ್ಲಬೇಕು. ಕೆಂಪು ತ್ರಿಕೋನವನ್ನು ಕಾರಿನ ಹಿಂದೆ ಸಾಕಷ್ಟು ದೂರದಲ್ಲಿಡಬೇಕು. ಜ್ಯಾಕು ಕೂರಬೇಕಾದ ಸ್ಥಳವನ್ನು ಬಾಗಿಲಿನ ಕೆಳಗಿನ ಅಂಚಿನಲ್ಲಿ ಗುರುತು ಮಾಡಿರುತ್ತದೆ, ಇನ್ನೆಲ್ಲಿಯೂ ಕೊಡಬಾರದು. ಕಾರಿನ ಒಳಗೆ ಕಿತ್ತಲೆ ಬಣ್ಣದ ತಂತಿಗಳು ಕಂಡರೆ ಅವನ್ನು ಮುಟ್ಟತಕ್ಕದ್ದಲ್ಲ. ದೊಡ್ಡ ಬ್ಯಾಟರಿಯ ಪ್ರಾಣಾಂತಿಕ ವಿದ್ಯುತ್ತು ಹರಿಯುವುದು ಅವುಗಳಲ್ಲಿಯೇ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಬಡಾವಣೆಗಳಲ್ಲಿ ಬೆಲೆಬಾಳುವ ಕಾರುಗಳು ನೆರೆಯಲ್ಲಿ ಮುಳುಗಿ ನಿಂತದ್ದನ್ನು ಎಲ್ಲರೂ ಕಂಡಿದ್ದಾರೆ. ಹಾಗೆ ಮುಳುಗಿದ ಹೈಬ್ರಿಡ್ ಕಾರನ್ನು ನೀರಿಳಿದೊಡನೆ ಚಾಲೂ ಮಾಡಿ ನೋಡುವ ಸಾಹಸ ಬೇಡ. ಎಳೆದೊಯ್ಯುವ ಲಾರಿಯವರನ್ನು ಕರೆಸಿ ತಜ್ಞರಿಗೆ ಒಪ್ಪಿಸುವುದೊಂದೇ ದಾರಿ.

ಚಿಕ್ಕ ಬ್ಯಾಟರಿಯ ದೊಡ್ಡ ಮುನಿಸು

ದೊಡ್ಡ ಬ್ಯಾಟರಿಯ ಬಗೆಗೆ ಎಲ್ಲರಿಗೂ ಭಯ. ವಾಸ್ತವವಾಗಿ ಅದು ಬಹಳ ಸಾಧು. ಪೂರ್ತಿ ತುಂಬದಂತೆಯೂ ಪೂರ್ತಿ ಬರಿದಾಗದಂತೆಯೂ ಕಾರಿನ ಗಣಕವೇ ಅದನ್ನು ಕಾಯುತ್ತದೆ. ಟೊಯೋಟಾ ಕಂಪನಿ ಇಂಡಿಯಾದಲ್ಲಿ ಅದಕ್ಕೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ಖಾತರಿ ಕೊಡುತ್ತದೆ. ಅದು ಕೇಳುವುದು ಒಂದೇ, ತಂಪು ಗಾಳಿ. ಹಿಂದಿನ ಆಸನದ ಬುಡದಲ್ಲಿಯೋ ಪಕ್ಕದಲ್ಲಿಯೋ ಜಾಲರಿಯ ಕಿಂಡಿಯೊಂದಿರುತ್ತದೆ. ಕಾರಿನೊಳಗಿನ ಗಾಳಿಯನ್ನು ಪಂಖವೊಂದು ಅಲ್ಲಿಂದ ಹೀರಿ ಬ್ಯಾಟರಿಯನ್ನು ತಣಿಸುತ್ತದೆ. ಅದರ ಮುಂದೆ ದಿಂಬು, ಶಾಲು, ತರಕಾರಿಯ ಚೀಲ ಒತ್ತರಿಸಿದರೆ ಬ್ಯಾಟರಿ ಉಸಿರುಗಟ್ಟುತ್ತದೆ. ನಾಯಿ ಸಾಕಿದವರ ಕಾರಿನಲ್ಲಿ ಕೂದಲು ತುಂಬಿ ಜಾಲರಿ ಕಟ್ಟಿಕೊಳ್ಳುತ್ತದೆ. ಈ ಜಾಲರಿಯನ್ನು ಶುಚಿಗೊಳಿಸಲು ಅರ್ಧ ಗಂಟೆ ಸಾಲದೆ? ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದರೆಂಬ ಗಾದೆ ಇಲ್ಲಿ ನೆನಪಾಗುತ್ತದೆ: ಲಕ್ಷಗಟ್ಟಲೆ ಬಾಳುವ ಬ್ಯಾಟರಿ ಹಾಳಾಗುವುದು ಅನೇಕ ವೇಳೆ ಒಂದು ಹಿಡಿ ಧೂಳಿನಿಂದ.

ನಿಜವಾದ ತಂಟೆಕೋರ ಹನ್ನೆರಡು ವೋಲ್ಟಿನ ಚಿಕ್ಕ ಬ್ಯಾಟರಿ. ದೊಡ್ಡದರಲ್ಲಿ ಎಷ್ಟೇ ಶಕ್ತಿಯಿದ್ದರೂ ಅದನ್ನು ಎಬ್ಬಿಸಬೇಕಾದ್ದು ಈ ಚಿಕ್ಕದು. ಯಜಮಾನರು ಮಗಳ ಬಾಣಂತನಕ್ಕೆಂದು ತಿಂಗಳುಗಟ್ಟಲೆ ಪರದೇಶಕ್ಕೆ ಹೋಗಿ ಬಂದಾಗ ಅದು ಬರಿದಾಗಿರುತ್ತದೆ. ಕಾರು ಕಣ್ಣು ಬಿಡುವುದಿಲ್ಲ, ಬಾಗಿಲೂ ತೆರೆಯುವುದಿಲ್ಲ. ಹಲವು ಮಾದರಿಗಳಲ್ಲಿ ಈ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಡಿಕ್ಕಿ ತೆರೆಯಲೂ ಅದರದೇ ವಿದ್ಯುತ್ತು ಬೇಕು! ಸ್ಟೆಪ್ನಿ, ಜ್ಯಾಕುಗಳೂ ಅದರೊಳಗೇ. ಬೀಗದ ಕೈಯ ಗುಂಡಿಡಬ್ಬಿಯೊಳಗೆ ಅಡಗಿಸಿಟ್ಟ ಲೋಹದ ಕೀಲಿಯೊಂದುಂಟು. ಚಾಲಕನ ಬಾಗಿಲನ್ನು ಅದರಿಂದ ತೆರೆದು, ಬಾನೆಟ್ಟಿನ ಕೆಳಗೆ ಫ್ಯೂಜುಪೆಟ್ಟಿಗೆಯಲ್ಲಿ ಇದಕ್ಕೆಂದೇ ಇರುವ ಕೊಂಡಿಗೆ ಬೇರೆ ಬ್ಯಾಟರಿಯ ತಂತಿ ಕೊಟ್ಟರೆ ಕಾರು ಎಚ್ಚೆತ್ತೀತು. ಈ ಕೊಂಡಿಯ ಸ್ಥಳ ಮಾದರಿಯಿಂದ ಮಾದರಿಗೆ ಬೇರೆ; ಕೈಪಿಡಿಯಲ್ಲಿ ಮೊದಲೇ ನೋಡಿಟ್ಟುಕೊಳ್ಳಬೇಕು. ಮನೆಯಲ್ಲಿ ಯಾರಾದರೂ ವಾರಕ್ಕೊಮ್ಮೆ ಕಾರನ್ನು ಹತ್ತಾರು ಮೈಲಿ ಓಡಿಸಿಬಂದರೆ ಈ ಪ್ರಸಂಗವೇ ಬರುವುದಿಲ್ಲ.

ಬ್ರೇಕಿನದು ವಿಚಿತ್ರ ಸ್ಥಿತಿ. ಮೋಟಾರೇ ಅರ್ಧಕ್ಕೂ ಹೆಚ್ಚು ಕೆಲಸ ಮಾಡುವುದರಿಂದ ಬ್ರೇಕಿನ ಬಿಲ್ಲೆಗಳು ಸವೆಯುವುದೇ ನಿಧಾನ; ಸವೆಯದಿದ್ದುದರಿಂದಲೇ ಅವನ್ನು ಬಿಚ್ಚಿ ನೋಡುವವರಿಲ್ಲ. ಕರಾವಳಿಯ ಉಪ್ಪು ಗಾಳಿಯಲ್ಲಿ ತಟ್ಟೆಗಳಿಗೆ ತುಕ್ಕು ಹಿಡಿದು, ಜಾರುಗೂಟಗಳು ಬಿಗಿದುಕೊಳ್ಳುತ್ತವೆ. ವರ್ಷಕ್ಕೊಮ್ಮೆ ಶುಚಿ ಮಾಡಿಸಬೇಕು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿಯುವಾಗ ಇದರ ಬೆಲೆ ತಿಳಿಯುತ್ತದೆ. ಇಳಿಜಾರಿನಲ್ಲಿ ಬ್ಯಾಟರಿ ತುಂಬಿಹೋದ ಮೇಲೆ ಮೋಟಾರು ಇನ್ನಷ್ಟು ಶಕ್ತಿಯನ್ನು ಹೀರಲಾರದು. ಆಗ ಎಂಜಿನು ಪೆಟ್ರೋಲಿಲ್ಲದೆಯೇ ಗಿರಗಿರನೆ ಸುತ್ತಿ ಕಾರನ್ನು ತಡೆಯುತ್ತದೆ. ಆ ಆರ್ಭಟಕ್ಕೆ ಹೆದರಬೇಕಾದ್ದಿಲ್ಲ. ಕೆಲವು ಮಾದರಿಗಳಲ್ಲಿ ಇದಕ್ಕೆಂದೇ ‘ಬಿ’ ಎಂಬ ಗೇರಿರುತ್ತದೆ.

ಇಷ್ಟೆಲ್ಲ ಇದ್ದೂ, ಕಾರು ಕೊಂಡ ಮೊದಲ ತಿಂಗಳಲ್ಲಿಯೇ ಒಂದು ಭಾನುವಾರ ಬೆಳಿಗ್ಗೆ, ಮನೆಯಂಗಳದ ಸಮನೆಲದಲ್ಲಿ, ಒಮ್ಮೆ ಗಾಲಿಯನ್ನು ಬಿಚ್ಚಿ ಹಾಕಿ ನೋಡುವುದಕ್ಕಿಂತ ಹೆಚ್ಚಿನ ಪಾಠವಿಲ್ಲ. ಯಜಮಾನರೊಬ್ಬರೇ ಅಲ್ಲ, ಕಾರು ನಡೆಸುವ ಹೆಂಡತಿ, ಕಾಲೇಜಿಗೆ ಹೋಗುವ ಮಗ ಮಗಳು ಎಲ್ಲರೂ. ಸ್ಟೆಪ್ನಿ ಇಲ್ಲದ ಕಾರಾದರೆ ಅದಕ್ಕೆ ಹೊಂದುವ ಗಾಲಿಯೊಂದನ್ನು ಬೇರೆಯಾಗಿ ಕೊಳ್ಳಬಹುದು. ಬೋಲ್ಟಿನ ತೂತುಗಳ ಅಂತರ, ನಡುಗುಂಬದ ಅಳತೆ, ಒಟ್ಟು ವ್ಯಾಸ ಇವು ತಾಳೆಯಾಗಬೇಕು, ಬ್ರೇಕಿನ ಅಂಗಗಳಿಗೆ ತಗಲಬಾರದು. ಪೇಟೆಯೊಳಗೆ ಅದು ಮನೆಯಲ್ಲಿರಲಿ, ಊರಿಗೆ ಹೊರಟಾಗ ಪಟ್ಟಿಯಿಂದ ಬಿಗಿದು ಡಿಕ್ಕಿಯಲ್ಲಿರಲಿ. ಸಡಿಲವಾಗಿ ಬಿಟ್ಟ ಗಾಲಿ ಅಪಘಾತದಲ್ಲಿ ಗುಂಡಿನಂತೆ ಹಾರಿಬಂದೀತು.

ಕಾರಿನೊಡನೆ ಬರುವ ಸ್ಪ್ಯಾನರು ಗೇಣುದ್ದದ್ದು. ಸರ್ವಿಸಿನವರು ಯಂತ್ರದಿಂದ ಬಿಗಿದ ನಟ್ಟನ್ನು ಅದರಿಂದ ಸಡಿಲಿಸಲು ಭೀಮನೇ ಬೇಕಾದಾನು. ಉದ್ದ ಹಿಡಿಯದೊಂದನ್ನು ಪೇಟೆಯಿಂದ ತಂದಿಟ್ಟುಕೊಳ್ಳಬೇಕು. ಬೆಲೆಬಾಳುವ ಗಾಲಿ ಕಳುವಾಗದಿರಲೆಂದು ಪ್ರತಿ ಗಾಲಿಯಲ್ಲೊಂದು ನಟ್ಟಿಗೆ ಗುಪ್ತ ಬೀಗವಿರುವುದೂ ಉಂಟು. ಅದನ್ನು ಬಿಚ್ಚಲು ಹೆಬ್ಬೆರಳು ಗಾತ್ರದ ಬಿಲ್ಲೆಯೊಂದು ಬೇಕು. ಸರ್ವಿಸಿಗೆ ಬಿಟ್ಟಾಗ ಅದು ಅಲ್ಲಿನ ಮೇಜಿನ ಮೇಲೆಯೇ ಉಳಿದುಹೋಗುತ್ತದೆ. ಕಾರನ್ನು ಮರಳಿ ಪಡೆಯುವಾಗ ಬಿಲ್ಲು ನೋಡುವ ಮೊದಲು ಈ ಬಿಲ್ಲೆಯನ್ನು ಕೇಳಿ ಪಡೆದು, ಚಾಲಕನ ಪಕ್ಕದ ಖಾನೆಯಲ್ಲಿ, ಲೋಹದ ಕೀಲಿಯ ನೆನಪಿನ ಚೀಟಿಯ ಜೊತೆಗೆ ಇಡಬೇಕು.